ಗಾಡಿ ಮಾತು: ಎಂಟಡಿ ಬಾಡಿಯೋ, ಹತ್ತಡಿ ಬಾಡಿಯೋ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಕಾಫಿಗೆ ಬೆಲೆ ಬಂದ ಮೇಲೆ ಕೊಡಗಿನಲ್ಲಿ ಪಿಕಪ್ ಕೊಳ್ಳುವವರು ಜಾಸ್ತಿಯಾಗಿದ್ದಾರೆ. ಶೋರೂಮಿಗೆ ಹೋದವರಿಗೆ ಅಲ್ಲಿನ ಹುಡುಗ ಕೇಳುವ ಮೊದಲ ಪ್ರಶ್ನೆಯೇ ‘ಸಾರ್, ಬಾಡಿ ಎಷ್ಟು ಅಡಿದು ಬೇಕು?’ ಬಾಡಿ ಅಂದರೆ ಕ್ಯಾಬಿನ್ ಹಿಂದೆ ಸರಕು ತುಂಬುವ ಭಾಗ. ಅಲ್ಲಿಂದ ಮನೆಯಲ್ಲಿ ಜಗಳ ಶುರು. ಹಾಗಾಗಿ ಕಾರ್‌ನ ಎ.ಸಿ., ಸ್ಕೂಟರಿನ ಬ್ಯಾಟರಿ ಪತ್ರಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಅಮ್ಮತ್ತಿ ಹತ್ತಿರ ನಮ್ಮದು ಹನ್ನೆರಡು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ವರ್ಷಕ್ಕೆ ಸುಮಾರು 200 ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಆಗುತ್ತದೆ. ಹಳೇ ಜೀಪು, ಟ್ರೈಲರ್ ಕೊಟ್ಟು ಪಿಕಪ್ ತೆಗೆದುಕೊಳ್ಳಬೇಕು ಅಂತಿದ್ದೇವೆ. ಮಗನಿಗೆ ಹತ್ತಡಿ ಬಾಡಿಯದೇ ಆಗಬೇಕು. ಸ್ಪ್ರಿಂಕ್ಲರ್ ಪೈಪು, ಮೆಣಸು ಕುಯ್ಯುವ ಏಣಿ ಎಲ್ಲ ಹಾಕಬಹುದು ಅಂತಾನೆ. ನನಗೆ ಎಂಟಡಿ ಸಾಕು ಅನ್ನಿಸುತ್ತದೆ. ಮನೆಯಿಂದ ಟಾರ್ ರಸ್ತೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಎರಡು ಹೇರ್‌ಪಿನ್, ಒಂದು ಮೋರಿ. ಯಾರ ಮಾತು ಸರಿ?

ಉತ್ತರ: ನಿಮ್ಮದು. ಆದರೆ ನೀವು ಕಾರಣ ಹೇಳಿಲ್ಲ, ಮಗ ಹೇಳಿದ್ದಾನೆ. ಅದಕ್ಕೇ ಮನೆಯಲ್ಲಿ ನೀವು ಸೋಲುತ್ತಿದ್ದೀರಿ. ಕಾರಣ ನಾನು ಕೊಡುತ್ತೇನೆ, ಊಟದ ಹೊತ್ತಿಗೆ ಓದಿ ಹೇಳಿ.

ಮೊದಲು ಪೈಪಿನ ವಿಚಾರ ಮುಗಿಸೋಣ, ಮಗನ ದೊಡ್ಡ ಅಸ್ತ್ರ ಅದೇ ಅಲ್ಲವೇ. ಸ್ಪ್ರಿಂಕ್ಲರ್ ಪೈಪಿನ ಒಂದು ತುಂಡು ಆರು ಮೀಟರ್, ಅಂದರೆ ಇಪ್ಪತ್ತಡಿ ಹತ್ತಿರ. ಎಂಟಡಿ ಬಾಡಿಯಲ್ಲಿ ಮಲಗಿಸಿದರೆ ಹನ್ನೆರಡು ಅಡಿ ಹೊರಗೆ, ಹತ್ತಡಿಯಲ್ಲಿ ಹತ್ತಡಿ ಹೊರಗೆ. ಎರಡೂ ತಪ್ಪೇ. ಕ್ಯಾಬಿನ್ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ಅದರ ಮೇಲೆ ಒರಗಿಸಿದರೂ ಇಡೀ ಗಾಡಿಯ ಉದ್ದಕ್ಕಿಂತ ಪೈಪೇ ಉದ್ದ, ಹಿಂದೆಯೋ ಮುಂದೆಯೋ ಮೂತಿ ಚಾಚಿಯೇ ಚಾಚುತ್ತದೆ. ಬಾಡಿಯಿಂದ ಆಚೆ ಚಾಚಿದ ಸರಕಿಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ ಇದೆ. ದಂಡದ ಮಾತು ಬಿಡಿ, ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನವನ ಕುತ್ತಿಗೆಯ ಎತ್ತರಕ್ಕೇ ಆ ಪೈಪಿನ ತುದಿ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಪೈಪು ತೋಟದೊಳಗೇ ಆಳುಗಳ ಹೆಗಲ ಮೇಲೆ ಓಡಾಡುತ್ತದೆ, ರಸ್ತೆಗೆ ಬರುವುದು ವರ್ಷಕ್ಕೆ ಒಂದೋ ಎರಡೋ ದಿನ. ಆ ದಿನ ಇಪ್ಪತ್ತಡಿ ಬಾಡಿಯ ಲಾರಿ ಬಾಡಿಗೆಗೆ ಹೇಳಿ. ಎರಡು ದಿನದ ಪೈಪಿಗೋಸ್ಕರ ಉಳಿದ ಮುನ್ನೂರ ಅರವತ್ತಮೂರು ದಿನ ಎರಡಡಿ ಬಾಲ ಹೊತ್ತು ತಿರುಗುವುದು ಯಾಕೆ? ಏಣಿಯ ಕಥೆಯೂ ಅಷ್ಟೇ. ಸಿಲ್ವರ್ ಓಕ್ ಮರಕ್ಕೆ ಹಾಕುವ ಬಿದಿರೇಣಿ ಯಾವ ಪಿಕಪ್ಪಿಗೂ ಹಿಡಿಸುವುದಿಲ್ಲ.

ಈಗ ಚೀಲಕ್ಕೆ ಬನ್ನಿ. ಕಾಫಿ ತೂಕದ ಸರಕು. ಐವತ್ತು ಕೆ.ಜಿ.ಯ ಚೆರಿ ಚೀಲ ಮಲಗಿಸಿದರೆ ಹೆಚ್ಚುಕಡಿಮೆ ಮೂರಡಿಗೆ ಎರಡಡಿ. ಬೊಲೆರೊ ಮ್ಯಾಕ್ಸ್‌ನ 1.3 ಟನ್ನಿನ ಸಿಟಿ ಗಾಡಿಯ ಬಾಡಿ 2500 ಮಿ.ಮೀ., ಅಂದರೆ ಎಂಟಡಿಗೆ ಒಂದೆರಡು ಇಂಚು ಮೇಲೆ. ಅದೇ ಮನೆತನದ ಎರಡು ಟನ್ನಿನ ಎಚ್‌.ಡಿ. 3050 ಮಿ.ಮೀ., ಸರಿಯಾಗಿ ಹತ್ತಡಿ. ಅಗಲ ಐದೂವರೆ ಅಡಿ ಚಿಲ್ಲರೆ. ಟಾಟಾ ಇಂಟ್ರಾದಲ್ಲಿ ವಿ-30ಕ್ಕೆ ಒಂಬತ್ತಡಿ ಹತ್ತಿರ, ವಿ-50ಕ್ಕೆ ಹತ್ತಡಿಗೆ ಸ್ವಲ್ಪ ಕಮ್ಮಿ. ಎಂಟಡಿ ಬಾಡಿಯಲ್ಲಿ ಒಂದು ವರಸೆಗೆ ಏಳೆಂಟು ಚೀಲ ಕೂರುತ್ತವೆ, ಹತ್ತಡಿಯಲ್ಲಿ ಒಂಬತ್ತು. 1.3 ಟನ್ ಅಂದರೆ 26 ಚೀಲ. ಮೂರೂವರೆ ವರಸೆಗೆ ನಿಮ್ಮ ಲೆಕ್ಕ ಮುಗಿಯಿತು, ಹಗ್ಗ ಬಿಗಿದು ಹೊರಡಬಹುದು. ಜಾಗ ಸಾಲಲಿಲ್ಲ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಜಾಗ ತುಂಬುವ ಮೊದಲೇ ತೂಕ ತುಂಬುತ್ತದೆ.

‘ಎರಡು ಟನ್ನಿನದು ತೆಗೆದರೆ ನಲವತ್ತು ಚೀಲ ಹಾಕಬಹುದಲ್ಲ’ ಅಂತ ಮಗ ಕೇಳೇ ಕೇಳುತ್ತಾನೆ. ಹಾಕಬಹುದು. 200 ಚೀಲಕ್ಕೆ ಐದು ಟ್ರಿಪ್. ಚಿಕ್ಕದರಲ್ಲಿ ಎಂಟು. ಇಡೀ ವರ್ಷಕ್ಕೆ ಮೂರು ಟ್ರಿಪ್ ಉಳಿತಾಯ! ಅಮ್ಮತ್ತಿಯಿಂದ ಕುಶಾಲನಗರದ ಕೂಡ್ಲೂರಿನ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಕಡೆಗೆ ಮೂರು ಸಲ ಹೋಗಿಬರುವ ಡೀಸೆಲ್ ಎಷ್ಟು, ಎರಡು ಗಾಡಿಗಳ ಬೆಲೆಯ ನಡುವಿನ ಅಂತರ ಎಷ್ಟು, ಅವನೇ ಮೊಬೈಲಿನಲ್ಲಿ ಒತ್ತಿ ನೋಡಲಿ.

ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ದಿನಗಳನ್ನೂ ಸೇರಿಸಿಕೊಳ್ಳಿ. 200 ಲೀಟರ್ ಬ್ಯಾರಲ್ಲಿನ ಅಡ್ಡಳತೆ ಎರಡಡಿಗೆ ಒಂದಿಂಚು ಕಮ್ಮಿ. ಎಂಟಡಿ ಬಾಡಿಯಲ್ಲಿ ಎರಡೆರಡರಂತೆ ನಾಲ್ಕು ಸಾಲು, ಎಂಟು ಬ್ಯಾರಲ್. ತುಂಬಿಸಿದರೆ ನೀರೇ 1600 ಕೆ.ಜಿ. ಆಗಲೇ 1.3 ಟನ್ ದಾಟಿ ಹೋಯಿತು. ಅಂದರೆ ಚಿಕ್ಕ ಬಾಡಿಯೂ ನಿಮ್ಮ ತೂಕಕ್ಕೆ ದೊಡ್ಡದೇ! ಆರು ಬ್ಯಾರಲ್ ಇಟ್ಟು, ಕೊನೆಯ ಸಾಲಿನ ಜಾಗವನ್ನು ಪಂಪಿಗೂ ಹೋಸಿಗೂ ಬಿಡಿ. ಬ್ಯಾರಲ್ಲುಗಳ ಮುಚ್ಚಳ ಬಿಗಿಯಾಗಿರಲಿ ಮತ್ತು ಕಂಠದವರೆಗೆ ತುಂಬಿರಲಿ. ಅರ್ಧ ತುಂಬಿದ ನೀರು ಪ್ರತಿ ತಿರುವಿನಲ್ಲೂ ಒಂದು ಪಕ್ಕಕ್ಕೆ ನುಗ್ಗಿ ಗಾಡಿಯನ್ನು ಜಗ್ಗುತ್ತದೆ. ನನ್ನ ಅರ್ಧ ಕೂದಲು ನೆರೆತದ್ದು ವಯಸ್ಸಿನಿಂದ, ಇನ್ನರ್ಧ ಬೇರೆಯವರ ನೀರಿನ ಟ್ಯಾಂಕುಗಳಿಂದ.

ಹತ್ತಡಿಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದೇ 26 ಚೀಲವನ್ನು ಉದ್ದ ಬಾಡಿಯಲ್ಲಿ ಮೂರೇ ವರಸೆಗೆ ಹರಡಬಹುದು. ಲೋಡು ತಗ್ಗುತ್ತದೆ, ತಿರುವಿನಲ್ಲಿ ಓಲಾಟ ಕಮ್ಮಿ. ಗುಣ ನಿಜವಾದದ್ದೇ. ಆದರೆ ಮೂವತ್ತೊಂದು ವರ್ಷ ಗೋಣಿಕೊಪ್ಪದಲ್ಲಿ ಗ್ಯಾರೇಜ್ ಇಟ್ಟವನು ನಾನು, ಖಾಲಿ ಜಾಗ ಕಂಡು ಕೈ ಕಟ್ಟಿ ನಿಂತ ಲೋಡರ್ ಒಬ್ಬನನ್ನೂ ನೋಡಿಲ್ಲ. ‘ಇನ್ನೆರಡು ಚೀಲ ಹಿಡೀತದೆ ಅಣ್ಣಾ’ ಅನ್ನುವ ಮಾತಿಗೆ ಎಷ್ಟು ಕಮಾನು ಪ್ಲೇಟುಗಳು ಮುರಿದಿವೆ ಅನ್ನುವುದಕ್ಕೆ ನನ್ನ ಹಳೇ ಬಿಲ್ ಪುಸ್ತಕಗಳೇ ಸಾಕ್ಷಿ. ಅದೂ ಹೆಚ್ಚುವರಿ ಚೀಲ ಬಂದು ಕೂರುವುದು ಯಾವಾಗಲೂ ಬಾಲದಲ್ಲಿ. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ 300 ಕೆ.ಜಿ. ಇಟ್ಟಿರಿ ಅಂದುಕೊಳ್ಳಿ, ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ, ಮೂರು ಮೀಟರ್. ಹಿಂದಿನ ಚಕ್ರಗಳ ಮೇಲೆ 400 ಕೆ.ಜಿ. ಬೀಳುತ್ತದೆ, ಮುಂದಿನ ಚಕ್ರಗಳಿಂದ 100 ಕೆ.ಜಿ. ಎದ್ದು ಹೋಗುತ್ತದೆ. ಏತದ ಲೆಕ್ಕವೇ ಇದು. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ. ಏರಿನಲ್ಲಿ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ, ಕೆಂಪು ಮಣ್ಣು ಬೆಣ್ಣೆಯಾಗಿರುವಾಗ ಸ್ಟೇರಿಂಗ್ ತಿರುಗಿಸುತ್ತೀರಿ, ಗಾಡಿ ಮಾತ್ರ ನೆಟ್ಟಗೆ ಹೋಗುತ್ತದೆ. ಅದನ್ನೇ ನಮ್ಮ ಡ್ರೈವರುಗಳು ‘ಮೂತಿ ಎತ್ತಿತು’ ಅನ್ನುವುದು.

ಆದ್ದರಿಂದ ಶೋರೂಮಿಗೆ ಹೋದಾಗ ಬಾಡಿಯ ಉದ್ದ ಕೇಳುವುದರ ಜೊತೆಗೆ ಜೇಬಿನಿಂದ ಟೇಪು ತೆಗೆಯಿರಿ. ಹಿಂದಿನ ಚಕ್ರದ ನಡುಬೊಟ್ಟಿನಿಂದ ಬಾಡಿಯ ಕೊನೆಯವರೆಗೆ ಅಳೆಯಿರಿ. ಎರಡು ಗಾಡಿಗಳ ಬಾಡಿ ಒಂದೇ ಉದ್ದವಿದ್ದರೂ ಒಂದಕ್ಕೆ ಚಕ್ರ ಹಿಂದಿರುತ್ತದೆ, ಇನ್ನೊಂದಕ್ಕೆ ಮುಂದಿರುತ್ತದೆ. ಚಕ್ರದ ಹಿಂದೆ ಬಾಲ ಕಮ್ಮಿ ಇರುವುದನ್ನು ಆರಿಸಿ. ಆದರೆ ಚಕ್ರ ಹಿಂದಕ್ಕೆ ಸರಿದಷ್ಟೂ ವೀಲ್‌ಬೇಸ್ ಉದ್ದವಾಗುತ್ತದೆ, ಆಗ ನಿಮ್ಮ ಮೋರಿಯ ದಿಬ್ಬದ ಮೇಲೆ ಹೊಟ್ಟೆ ತಾಗುತ್ತದೆ. ಎಲ್ಲ ಒಳ್ಳೆಯದೂ ಒಂದೇ ಗಾಡಿಯಲ್ಲಿ ಸಿಗುವುದಿಲ್ಲ.

ಇನ್ನು ನಿಮ್ಮ ಹೇರ್‌ಪಿನ್. ಚಿಕ್ಕ ಪಿಕಪ್ಪಿನ ತಿರುಗುವ ತ್ರಿಜ್ಯ ಐದೂವರೆ ಮೀಟರ್ ಅಂತ ಕ್ಯಾಟಲಾಗಿನಲ್ಲಿ ಬರೆದಿರುತ್ತದೆ. ಅದನ್ನು ಓದಿ ಬಿಡಬೇಡಿ, ತೋಟಕ್ಕೆ ತನ್ನಿ. ತಿರುವಿನ ಒಳಗಡೆ ಒಂದು ಗೂಟ ಹೊಡೆದು ಹದಿನೆಂಟು ಅಡಿ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ತಿರುವಿನ ಸುತ್ತ ನಡೆಯಿರಿ. ಮುಂದಿನ ಹೊರಚಕ್ರ ತುಳಿಯುವ ದಾರಿ ಅದೇ. ಬಂಪರಿನ ಮೂಲೆ ಅದಕ್ಕೂ ಆಚೆ ಬೀಸುತ್ತದೆ, ಎರಡಡಿ ಸೇರಿಸಿಕೊಳ್ಳಿ. ಹಗ್ಗದ ತುದಿ ಕಾಫಿ ಗಿಡಕ್ಕೋ ಬರೆಗೋ (ದಾರಿ ಪಕ್ಕದ ಮಣ್ಣಿನ ಗೋಡೆ) ತಾಗಿದರೆ ಚಿಕ್ಕ ಗಾಡಿಯೂ ಒಂದು ಸಲ ರಿವರ್ಸ್ ತೆಗೆದುಕೊಳ್ಳಬೇಕು. ದೊಡ್ಡದು ಎರಡು ಸಲ. ರಿವರ್ಸ್ ತೆಗೆಯುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ನಿಮ್ಮ ಅಮ್ಮತ್ತಿ, ಸಿದ್ದಾಪುರದ ದಾರಿಗಳಲ್ಲಿ ಬೆಳಗಿನ ಜಾವ ತಿರುವಿನಾಚೆ ಆನೆ ನಿಂತಿರುತ್ತದೆ. ಆಗ ಕ್ಯಾಟಲಾಗಿನಲ್ಲಿಲ್ಲದ ಇನ್ನೊಂದು ಅಳತೆ ಬೇಕಾಗುತ್ತದೆ: ನೇರವಾಗಿ ಹಿಂದಕ್ಕೆ ಎಷ್ಟು ಬೇಗ ಓಡುತ್ತದೆ ಅಂತ.

ಟೆಸ್ಟ್ ಡ್ರೈವನ್ನು ಹೆದ್ದಾರಿಯಲ್ಲಿ ಕೊಡುತ್ತಾರೆ. ಬೇಡ ಅನ್ನಿ. ಹತ್ತಡಿ ಗಾಡಿ ಇರುವ ನೆಂಟರು ಯಾರಾದರೂ ಇದ್ದರೆ ಜುಲೈನಲ್ಲಿ ಖಾಲಿ ಗಾಡಿ ತರಲು ಹೇಳಿ, ಮಗನೇ ಓಡಿಸಲಿ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಎಳೆಯುವ ಚಕ್ರವೂ ಹಿಂದೆಯೇ, ಜಾರುವುದಕ್ಕೆ ಇನ್ನೇನು ಬೇಕು? ಯಾವುದೇ ಗಾಡಿ ತೆಗೆದರೂ ಮಳೆಗಾಲದಲ್ಲಿ ಖಾಲಿ ಹೋಗುವಾಗ ಹಿಂದಿನ ಆಕ್ಸಲ್‌ನ ನೇರ ಮೇಲೆ ಎರಡು ಮರಳಿನ ಚೀಲ ಇಡಿ. ಮತ್ತೆ ಹೇಳುತ್ತೇನೆ, ಆಕ್ಸಲ್ ಮೇಲೆ. ಹಿಂದಿನ ಡೋರಿನ ಹತ್ತಿರ ಅಲ್ಲ.

ಪ್ರಶ್ನೆ: ಕುಶಾಲನಗರದಲ್ಲಿ ನಾನು, ತಮ್ಮ ಸೇರಿ ಶುಂಠಿ, ಹಸಿಮೆಣಸಿನಕಾಯಿ ಮೈಸೂರಿಗೆ ಸಾಗಿಸುತ್ತೇವೆ. ಮದುವೆ ಸೀಸನ್‌ನಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತೇವೆ. ಉದ್ದ ಬಾಡಿ ತೆಗೆದುಕೊಂಡರೆ ಪರ್ಮಿಟ್ಟು, ಲೈಸೆನ್ಸಿನ ತಾಪತ್ರಯ ಹೆಚ್ಚು ಅಂತಾರೆ. ನಿಜವೇ?

ಉತ್ತರ: ನಿಮಗೆ ಹತ್ತಡಿಯೇ ಸರಿ. ಮೇಲಿನ ಉತ್ತರ ಓದಿ ಗೊಂದಲ ಬೇಡ. ಅಮ್ಮತ್ತಿಯವರದು ತೂಕದ ಸರಕು, ಕಿರಿದಾದ ದಾರಿ. ನಿಮ್ಮದು ಗಾತ್ರದ ಸರಕು, ಅಗಲವಾದ ರಸ್ತೆ. ಹಸಿಮೆಣಸಿನಕಾಯಿ ಚೀಲದಲ್ಲಿ ಅರ್ಧ ಗಾಳಿಯೇ. ಪ್ಲಾಸ್ಟಿಕ್ ಕುರ್ಚಿಯಂತೂ ಒಂದರೊಳಗೊಂದು ಪೇರಿಸಿ ಗೋಪುರ ಕಟ್ಟಿದರೂ ತೂಕ ಏರುವುದಿಲ್ಲ, ಜಾಗ ಮಾತ್ರ ಮುಗಿಯುತ್ತದೆ. ಶಾಮಿಯಾನದ ಕಂಬ ಹತ್ತಡಿಯದಾದರೆ ಬಾಡಿಯೊಳಗೆ ಮಲಗಿ ಹಿಂದಿನ ಡೋರು ಮುಚ್ಚುತ್ತದೆ. ಎಂಟಡಿಯಲ್ಲಿ ಡೋರು ಬಿಚ್ಚಿ, ಕೆಂಪು ಬಟ್ಟೆ ಕಟ್ಟಿ, ಪೊಲೀಸರನ್ನು ಕಂಡಾಗಲೆಲ್ಲ ದೇವರ ನೆನಪು.

ಶುಂಠಿ ಮಾತ್ರ ಜೋಪಾನ. 60 ಕೆ.ಜಿ. ಚೀಲದ ಲೆಕ್ಕದಲ್ಲಿ ಎರಡು ಟನ್ನಿಗೆ 33 ಚೀಲ, 1.7 ಟನ್ನಿಗೆ 28. ಹಸಿ ಮಣ್ಣು ಅಂಟಿದ ಶುಂಠಿ ಕಣ್ಣಿಗೆ ಕಂಡದ್ದಕ್ಕಿಂತ ಭಾರ, ಬಾಡಿ ತುಂಬಿಲ್ಲವೆಂದು ಹಾಕುತ್ತಾ ಹೋದರೆ ಕೆಟ್ಟಿರಿ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಾದದ್ದನ್ನು ಅಲ್ಲೇ ಇಳಿಸಿ ಹೋಗಬೇಕು. ಪಿರಿಯಾಪಟ್ಟಣದ ಬಿಸಿಲಲ್ಲಿ ಶುಂಠಿ ಇಳಿಸಿಕೊಂಡು ಕೂತವರನ್ನು ನೋಡಿದ್ದೇನೆ, ಆ ಮುಖ ನೆನಪಾದರೆ ಈಗಲೂ ಪಾಪ ಅನ್ನಿಸುತ್ತದೆ.

ಪರ್ಮಿಟ್ ವಿಷಯ ಅರ್ಧ ನಿಜ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲಿ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್‌ನಿಂದ ವಿನಾಯಿತಿ ಇದೆ. ಒಟ್ಟು ತೂಕ ಅಂದರೆ ಗಾಡಿ, ಲೋಡು ಎರಡೂ ಸೇರಿ. ಎರಡು ಟನ್ ಹೊರುವ ಗಾಡಿ ಸಹಜವಾಗಿಯೇ ಆ ಗೆರೆ ದಾಟುತ್ತದೆ, ಪರ್ಮಿಟ್ ಬೇಕು. ಚಿಕ್ಕ ಪಿಕಪ್‌ಗಳಲ್ಲಿ ಕೆಲವನ್ನು ಈ ಗೆರೆಯ ಕೆಳಗೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಆರ್‌.ಸಿ.ಯಲ್ಲಿ ಒಟ್ಟು ತೂಕದ ಸಾಲು ನೋಡಿದರೆ ಗೊತ್ತಾಗುತ್ತದೆ, ಬಾಡಿಯ ಉದ್ದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ನಿತ್ಯ ಮೈಸೂರಿಗೆ ಓಡುವವರಿಗೆ ಪರ್ಮಿಟ್ ಖರ್ಚು ದೊಡ್ಡದಲ್ಲ.

ಲೈಸೆನ್ಸ್ ಭಯ ಬಿಡಿ. ಕಾರು ಓಡಿಸುವ ಎಲ್‌.ಎಂ.ವಿ. ಲೈಸೆನ್ಸ್ ಇದ್ದವರು 7,500 ಕೆ.ಜಿ.ವರೆಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ತಮ್ಮನಿಗೂ ಹೇಳಿ.

ಪ್ರಶ್ನೆ: ನನ್ನ ಹತ್ತಿರ ಎಂಟಡಿ ಬಾಡಿಯ ಪಿಕಪ್ ಇದೆ. ಶೆಡ್ಡಿನಲ್ಲಿ ಒಂದೂವರೆ ಅಡಿ ಉದ್ದ ಮಾಡಿಕೊಡುತ್ತೇವೆ, ಒಂದೇ ದಿನದ ಕೆಲಸ ಅಂತಿದ್ದಾರೆ. ಮಾಡಿಸಲೇ? — ನಾಪೋಕ್ಲು

ಉತ್ತರ: ಬೇಡ. ಇದನ್ನು ನಾನು ಮಾಡಿಸಿ ನೋಡಿದ್ದೇನೆ.

2003 ಇರಬೇಕು. ಒಂದು ಹಳೇ ಪಿಕಪ್ ಇತ್ತು, ಬಾಡಿ ಸಾಲದು ಅಂತ ನನಗೆ ನಾನೇ ತೀರ್ಮಾನ ಮಾಡಿ ಹಿಂದಕ್ಕೆ ಒಂದೂವರೆ ಅಡಿ ಚಾನೆಲ್ ಬೆಸುಗೆ ಹಾಕಿಸಿದೆ. ಬೆಸುಗೆ ಹಾಕಿದವನ ಕೆಲಸದಲ್ಲಿ ತಪ್ಪಿರಲಿಲ್ಲ, ಹಾಕಿಸಿದವನ ತಲೆಯಲ್ಲಿ ಇತ್ತು. ಮೆಕ್ಯಾನಿಕ್ ಅನ್ನುವ ಅಹಂಕಾರ ಬೇರೆ. ಇರಿಟ್ಟಿ ಕಡೆಯಿಂದ ಕೆಂಪು ಕಲ್ಲು ತರಲು ಹೋದೆ. ಹೊಸ ಜಾಗ ಅಲ್ಲವೇ, ಬಾಲದ ತುದಿಯವರೆಗೂ ಕಲ್ಲು ಜೋಡಿಸಿದ್ದರು. ಕೂಟುಪುಳ ಸೇತುವೆ ದಾಟುವವರೆಗೆ ರಾಜಗಾಂಭೀರ್ಯ. ಮಾಕುಟ್ಟದ ಏರು ಶುರುವಾದ ಮೇಲೆ ಸ್ಟೇರಿಂಗ್ ಬೆಣ್ಣೆಯ ಹಾಗೆ ತಿರುಗತೊಡಗಿತು. ಪವರ್ ಸ್ಟೇರಿಂಗ್ ಇಲ್ಲದ ಕಾಲ, ಅಷ್ಟು ಹಗುರ ಯಾಕೆ ಅಂತ ಯೋಚಿಸಬೇಕಿತ್ತು. ಖುಷಿಪಟ್ಟೆ! ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಬಲಕ್ಕೆ ಪೂರ್ತಿ ತಿರುಗಿಸಿದ್ದೇನೆ, ಗಾಡಿ ಎಡಗಡೆಯ ಬರೆಯತ್ತ ಹೊರಟಿದೆ. ಮಣ್ಣಿನ ಬರೆಗೆ ಮೂತಿ ಊರಿ ನಿಂತಿತು. ಆ ಎಡಗಡೆ ಬರೆಯಿತ್ತು, ಪ್ರಪಾತ ಇರಲಿಲ್ಲ, ಆದ್ದರಿಂದ ಈ ಅಂಕಣ ಇದೆ.

ಹಿಂದೆ ಬಂದ ಲಾರಿಯ ಹುಡುಗರು ಇಳಿದು ಕಲ್ಲು ಇಳಿಸಿದರು. ಬಾಲದಲ್ಲಿದ್ದ ಮೂವತ್ತು ಕಲ್ಲು ಕೆಳಗಿಟ್ಟದ್ದೇ ಗಾಡಿ ಸಾಧುವಾಯಿತು. ಆ ಕಲ್ಲುಗಳನ್ನು ತರಲು ಮರುದಿನ ಇನ್ನೊಂದು ಟ್ರಿಪ್ ಹೊಡೆದೆ. ಅದಾಗಿ ಒಂದು ವಾರಕ್ಕೆ ಬೆಸುಗೆ ಕತ್ತರಿಸಿಸಿ ಹಳೇ ಬಾಡಿಗೇ ಬಂದೆ. ಕತ್ತರಿಸಿದ ಚಾನೆಲ್ ನಮ್ಮ ಹಂದಿಗೂಡಿಗೆ ಬಾಗಿಲಾಯಿತು, ಇವತ್ತಿಗೂ ಗಟ್ಟಿಯಾಗಿದೆ.

ಕಾನೂನು ಕೂಡ ಇದೆ. ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಹಿಂದಿನ ಚಾಚು ವೀಲ್‌ಬೇಸಿನ ಶೇಕಡಾ 60 ದಾಟಬಾರದು ಅನ್ನುವ ನಿಯಮವೂ ಇದೆ. ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದು ಹೊಸ ಬೆಸುಗೆಯನ್ನೇ. ಬಾಡಿ ಸಾಲುತ್ತಿಲ್ಲ ಅನ್ನುವುದಾದರೆ ಗಾಡಿ ಮಾರಿ ದೊಡ್ಡದು ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮ ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಅವರ ಪಿಕಪ್ ‘ಶಾರ್ಟ್ ಬೆಡ್’ ಅಂತೆ, ಐದೂವರೆ ಅಡಿ. ನಾವು ಎಂಟಡಿಯನ್ನೇ ಚಿಕ್ಕದು ಅನ್ನುತ್ತೇವೆ. ಅಷ್ಟು ದೊಡ್ಡ ದೇಶದಲ್ಲಿ ಇಷ್ಟು ಚಿಕ್ಕ ಬಾಡಿಯೇ? — ವಿರಾಜಪೇಟೆ

ಉತ್ತರ: ಅಳಿಯಂದಿರನ್ನು ಮನೆಯವರ ಮುಂದೆ ಛೇಡಿಸಬೇಡಿ, ಅವರ ಗಾಡಿ ಚಿಕ್ಕದಲ್ಲ. ಅಲ್ಲಿ ಫೋರ್ಡ್ ಎಫ್-150 ಅನ್ನುವ ಗಾಡಿ ಐದೂವರೆ, ಆರೂವರೆ, ಎಂಟಡಿ ಹೀಗೆ ಮೂರು ಅಳತೆಯ ಬಾಡಿಯಲ್ಲಿ ಬರುತ್ತದೆ. ಐದೂವರೆಯದಕ್ಕೆ ಮುಂದೆ ನಾಲ್ಕು ಬಾಗಿಲಿನ ದೊಡ್ಡ ಕ್ಯಾಬಿನ್, ಇಡೀ ಸಂಸಾರ ಕೂರುತ್ತದೆ. ಬಾಡಿಯಲ್ಲಿ ಕಳೆದದ್ದನ್ನು ಕ್ಯಾಬಿನ್ನಿನಲ್ಲಿ ಕೂಡಿದ್ದಾರೆ, ಒಟ್ಟು ಉದ್ದ ನಮ್ಮ ಹತ್ತಡಿ ಪಿಕಪ್‌ಗಿಂತಲೂ ಹೆಚ್ಚು. ನಮ್ಮಲ್ಲಿ ಇಂಜಿನ್ ಸೀಟಿನ ಕೆಳಗೋ ಗಿಡ್ಡ ಮೂತಿಯೊಳಗೋ ಅಡಗಿರುತ್ತದೆ, ಕ್ಯಾಬಿನ್ನಿನಲ್ಲಿ ಇಬ್ಬರು ಮೂವರು ಒತ್ತಿಕೊಂಡು ಕೂರುತ್ತೇವೆ, ಮಿಕ್ಕಿದ್ದೆಲ್ಲ ಸರಕಿಗೆ.

ಅಲ್ಲಿ ಎಂಟಡಿಗೆ ಬೆಲೆ ಬಂದದ್ದು ಪ್ಲೈವುಡ್‌ನಿಂದ. ಎಂಟಡಿಗೆ ನಾಲ್ಕಡಿಯ ಹಾಳೆ ಮಲಗಿಸಿ ಹಿಂದಿನ ಡೋರು ಮುಚ್ಚಬೇಕು, ಬಡಗಿಗಳ ಅಳತೆ ಅದು. ನಮ್ಮ ಅಂಗಡಿಗಳಲ್ಲೂ ಪ್ಲೈವುಡ್ ಅದೇ ಎಂಟಕ್ಕೆ ನಾಲ್ಕು. ಹಾಗಾಗಿ ವಿರಾಜಪೇಟೆಯ ಬಡಗಿಗೂ ಟೆಕ್ಸಾಸಿನ ಬಡಗಿಗೂ ಬೇಕಾದ ಬಾಡಿ ಒಂದೇ. ಉಳಿದವರದು ಬೇರೆ ಬೇರೆ.

ಪ್ರಶ್ನೆ: ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುತ್ತೇನೆ. ಐದು ಸೀಟು, ಹಿಂದೆ ಚಿಕ್ಕ ಬಾಡಿ ಇರುವ ಡಬಲ್ ಕ್ಯಾಬ್ ತೆಗೆದರೆ ಅತಿಥಿಗಳಿಗೂ ಆಯಿತು, ತೋಟಕ್ಕೂ ಆಯಿತು ಅಲ್ಲವೇ?

ಉತ್ತರ: ಹೈಲಕ್ಸ್, ವಿ-ಕ್ರಾಸ್ ಜಾತಿಯವು ಅಂತ ತಿಳಿದುಕೊಳ್ಳುತ್ತೇನೆ. ಹಿಂದೆ ಸುಮಾರು ಐದಡಿ. ಅತಿಥಿಗಳ ಪೆಟ್ಟಿಗೆ, ಎರಡು ಗ್ಯಾಸ್ ಸಿಲಿಂಡರ್, ಸಂತೆಯ ತರಕಾರಿ, ಒಂದಿಷ್ಟು ಸೌದೆಗೆ ಚೆನ್ನಾಗಿದೆ. ಫೋರ್ ವೀಲ್ ಇದ್ದರೆ ನಿಮ್ಮ ಏರಿಗೆ ಆರಾಮ. ಗೊಬ್ಬರ, ಕಾಫಿ ಚೀಲಕ್ಕೆ ಬೇಡ. ಬಾಡಿಯ ಅಂಚು ಎತ್ತರ, ಪಕ್ಕದ ಡೋರು ಬಿಚ್ಚುವುದಿಲ್ಲ, ಪ್ರತಿ ಚೀಲವನ್ನೂ ಎದೆಮಟ್ಟಕ್ಕೆ ಎತ್ತಿ ಒಳಗೆ ಹಾಕಬೇಕು. ಮೂರು ಕಡೆ ಡೋರು ಬಿಚ್ಚುವ ಬಾಡಿಗೆ ಒಗ್ಗಿದ ಆಳುಗಳು ಎರಡನೇ ದಿನವೇ ಬೈಯುತ್ತಾರೆ. ಆ ದುಡ್ಡಿಗೆ ಒಂದು ಮಾಮೂಲಿ ಪಿಕಪ್ಪೂ ಒಂದು ಸಣ್ಣ ಕಾರೂ ಬರುತ್ತವೆ. ಆದರೆ ಅತಿಥಿಗಳು ಫೋಟೋ ತೆಗೆಸಿಕೊಳ್ಳುವುದು ಮಾಮೂಲಿ ಪಿಕಪ್ ಮುಂದೆ ಅಲ್ಲ, ಅದು ನನಗೂ ಗೊತ್ತು.

ಪ್ರಶ್ನೆ: ಹತ್ತಡಿ ಬಾಡಿಯಲ್ಲಿ ಎಷ್ಟು ಮಂದಿ ಕೂಲಿಯವರನ್ನು ಕೂರಿಸಬಹುದು? ಲೈನ್ ಮನೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್ ಮಾತ್ರ. — ಪಾಲಿಬೆಟ್ಟ ಸಮೀಪದಿಂದ

ಉತ್ತರ: ಒಬ್ಬರನ್ನೂ ಇಲ್ಲ.

ಎಲ್ಲರೂ ಕೂರಿಸುತ್ತಾರೆ ಅಂತ ಬರೆಯಬೇಡಿ, ನಾನೂ ದಿನಾ ನೋಡುತ್ತೇನೆ. ಕುಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಏಳೂವರೆಗೆ ಯಾವ ರಸ್ತೆಯಲ್ಲಿ ನಿಂತರೂ ಕಾಣುತ್ತದೆ. ಸರಕಿನ ಗಾಡಿಯ ಇನ್ಶೂರೆನ್ಸ್ ಬಾಡಿಯಲ್ಲಿ ಕೂತ ಕೂಲಿಯವರನ್ನು ಕಾಯುವುದಿಲ್ಲ. ಸರಕಿನ ಜೊತೆ ಹೋಗುವ ಸರಕಿನ ಮಾಲೀಕ ಅಥವಾ ಅವನ ಕಡೆಯವರು ಕ್ಯಾಬಿನ್ನಿನಲ್ಲಿ ಕೂತಿದ್ದರೆ ಮಾತು ಬೇರೆ. ಗಾಡಿ ಮಗುಚಿದರೆ ಪರಿಹಾರ ನಿಮ್ಮ ತೋಟದಿಂದಲೇ ಹೋಗಬೇಕು. ಚೀಲವನ್ನು ಹಗ್ಗದಲ್ಲಿ ಬಿಗಿಯುತ್ತೀರಿ, ಮನುಷ್ಯರು ಬಾಡಿಯ ಅಂಚು ಹಿಡಿದು ನಿಂತಿರುತ್ತಾರೆ. ಬ್ರೇಕ್ ಒತ್ತಿದಾಗ ಇಪ್ಪತ್ತು ಮಂದಿ ಒಟ್ಟಿಗೆ ಮುಂದಕ್ಕೆ ಬೀಳುತ್ತಾರೆ. ಉದ್ದ ಬಾಡಿಯಲ್ಲಿ ಇನ್ನೂ ದೂರ ಬೀಳುತ್ತಾರೆ. ಸೀಟಿರುವ ಜೀಪೋ ಮಿನಿ ಬಸ್ಸೋ ಮಾಡಿ.

ಪ್ರಶ್ನೆ: ಹೊಸ ಪಿಕಪ್ ಬಂದಿದೆ, ಎಂಟಡಿಯದು. ಮಳೆಗಾಲಕ್ಕೆ ಟಾರ್ಪಾಲು ಎಷ್ಟು ಅಳತೆಯದು ತರಲಿ? — ಭಾಗಮಂಡಲ

ಉತ್ತರ: ಬಾಡಿ ಎಂಟಕ್ಕೆ ಐದೂವರೆ ಅಂತ ಹತ್ತಕ್ಕೆ ಎಂಟು ತಂದುಬಿಡಬೇಡಿ. ಲೋಡಿನ ಎತ್ತರ ಎರಡೂವರೆ, ಮೂರಡಿ ಇರುತ್ತದೆ, ಎರಡು ಪಕ್ಕಕ್ಕೂ ಅಷ್ಟು ಇಳಿಯಬೇಕು, ಮೇಲೆ ಕಟ್ಟಲು ಅಂಚು ಬೇಕು. ಹದಿನೈದಕ್ಕೆ ಹನ್ನೆರಡು ತನ್ನಿ. ಮಡಿಸಿದ್ದು ಹೆಚ್ಚಾದರೆ ತೊಂದರೆಯಿಲ್ಲ, ಭಾಗಮಂಡಲದ ಮಳೆಯಲ್ಲಿ ಕಮ್ಮಿಯಾದರೆ ತೊಂದರೆ.

ಬಾಡಿಯ ನಡುವೆ ಮುಂದಿನಿಂದ ಹಿಂದಕ್ಕೆ ಒಂದು ಬಿದಿರು ಹಾಸಿ, ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರು ಆಗಲಿ. ಇಲ್ಲದಿದ್ದರೆ ನಡುವೆ ನೀರು ನಿಂತು ಕೆರೆಯಾಗುತ್ತದೆ, ಬ್ರೇಕ್ ಹಾಕಿದಾಗ ಆ ಕೆರೆ ಮುಂದಿನ ಗಾಜಿನ ಮೇಲೆ ಸುರಿಯುತ್ತದೆ. ಮುಂದಿನ ಅಂಚನ್ನು ಕ್ಯಾಬಿನ್ ಹಿಂದಿನ ಜಾಲರಿಯ ಒಳಗೆ ತುರುಕಿ ಮೊದಲು ಬಿಗಿಯಿರಿ, ಗಾಳಿ ಅಲ್ಲಿಂದಲೇ ನುಗ್ಗುವುದು. ಆಮೇಲೆ ಪಕ್ಕಗಳು, ಕೊನೆಗೆ ಹಿಂದೆ. ನೈಲಾನ್ ಹಗ್ಗ ನೆನೆದರೆ ಜಾರುತ್ತದೆ, ಪ್ರತಿ ಗಂಟಿಗೂ ಒಂದು ಸುತ್ತು ಹೆಚ್ಚು ಹಾಕಿ. ಮನೆಗೆ ಬಂದ ಮೇಲೆ ಒದ್ದೆ ಟಾರ್ಪಾಲನ್ನು ಸುರುಳಿ ಸುತ್ತಿ ಬಾಡಿಯಲ್ಲೇ ಬಿಡಬೇಡಿ, ಕಣದಲ್ಲಿ ಹರವಿ. ಸುರುಳಿಯೊಳಗೆ ಇಲಿ ಗೂಡು ಕಟ್ಟುತ್ತದೆ.